ಕೊನೆಯ ಎರಡು ಸ್ವೆಟರ್‌ಗಳ ನೂಲು

"ಅಕ್ಕೋರ, ನಿಮಗ ಉಣ್ಣಿ ಗೊತ್ತೈತೇನ್ರಿ?" ಎಂದು ನಮಗೆ ನೂಲು ನೂತುಕೊಡುವ ಅಜ್ಜಿ ಮೊದಲ ದಿನವೇ ಕೇಳಿದ್ದಳು. ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. "ಮೂವತ್ತು ವರ್ಷದಿಂದ ಸ್ವೆಟರ್ ಹೆಣಕೋತ ಬಂದೇನ್ರಿ ಅಜ್ಜಿ" ಎಂದೆ. ಅವಳು ಕೇಳಿದ್ದು ಉಣ್ಣೆಯ ಬಗ್ಗೆ, ನಾನು ಹೇಳಿದ್ದು ಹೆಣಿಗೆಯ ಬಗ್ಗೆ. ಅವಳಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ, ನಕ್ಕಳು.

ನಾನು ಸಿಂದಗಿಯವಳು, ಹೊಲಿಗೆ, ಹೆಣಿಗೆ ನನ್ನ ಕಸುಬು. ಗೊಳಸಂಗಿ ಹತ್ತಿರದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಹೆಣಿಗೆ ಕಲಿಸಬೇಕೆಂದು ಒಂದು ಮಹಿಳಾ ಸಂಘದವರು ನನ್ನನ್ನು ಕರೆಸಿದ್ದರು. ಮೂರು ತಿಂಗಳ ಕೆಲಸ. ಬಾಗೇವಾಡಿಯಲ್ಲಿರುವ ತಂಗಿಯ ಮನೆಯಲ್ಲಿ ಉಳಿದುಕೊಂಡು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಹಳ್ಳಿಯ ಸಮುದಾಯ ಭವನದಲ್ಲಿ ಹನ್ನೆರಡು ಮಂದಿ ಹೆಂಗಸರು. ಮೂರು ತಿಂಗಳಾದ ಮೇಲೆ ಮನಗೂಳಿಯಲ್ಲಿ ಎರಡು ದಿನದ ಉಣ್ಣೆ ಹಬ್ಬ. ಹಬ್ಬ ಎಂದರೆ ದೊಡ್ಡದೇನಲ್ಲ, ಒಂದು ಮದುವೆ ಹಾಲಿನಲ್ಲಿ ಹತ್ತಿಪ್ಪತ್ತು ಟೇಬಲ್ಲು, ಕಂಬಳಿ ನೇಯುವವರು, ನೂಲುವವರು, ಕುರಿ ಸಾಕುವವರು, ಜೊತೆಗೆ ಹೊಸದಾಗಿ ಕಲಿತ ನಮ್ಮ ಹೆಂಗಸರು. ಸೊಲ್ಲಾಪುರದ ಒಬ್ಬ ಖರೀದಿದಾರ ಹೆಂಗಸು, ಅವರ ಕಡೆಯ ಮಾತಿನಲ್ಲಿ ಬಾಯಿ, ಬಂದು ನೋಡುವವರಿದ್ದರು. ಅವರಿಗೆ ಸರಿ ಕಂಡರೆ ನಮ್ಮ ಹನ್ನೆರಡು ಮಂದಿಗೂ ವರ್ಷಪೂರ್ತಿ ಕೆಲಸ.

ಖರೀದಿದಾರರ ಕರಾರು ಒಂದೇ ಇತ್ತು. ಈ ಸೀಮೆಯ ಕುರಿಯ ಉಣ್ಣೆ, ಕೈಯಲ್ಲೇ ನೂತದ್ದು, ಬೇರೆ ಏನೂ ಬೆರೆಸಿರಬಾರದು. ಪ್ರತಿ ಸ್ವೆಟರಿಗೂ ಒಂದು ಚೀಟಿ. ಅದರ ಮೇಲೆ ಹೆಣೆದವಳ ಹೆಸರು, ಕೆಳಗೆ ನೂತವಳ ಹೆಸರು. ನೂತವಳು ಎಂದರೆ ಎಲ್ಲ ಚೀಟಿಯ ಮೇಲೂ ಅಜ್ಜಿಯೇ.

ಅಜ್ಜಿಯ ಮನೆತನ ಕುರಿಯವರದು. ಹೊರ್ತಿ ಕಡೆಯಿಂದ ಕಂಬಳಿ ನೇಯುವವರು ಇವಳ ನೂಲಿಗಾಗಿ ಬರುತ್ತಿದ್ದರು. ದೇವರ ಕಾರ್ಯಕ್ಕೆ ಗದ್ದಿಗೆಯಾಗಿ ಹಾಸುವ ಕರಿ ಕಂಬಳಿಗೆ ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆ ಬಿಟ್ಟು ಬೇರೆ ಎಳೆ ಸೇರಬಾರದು, ಸೇರಿದರೆ ಅದು ಹಾಸಲು ಬರುವುದಿಲ್ಲ. ಹಾಗಾಗಿ ನೇಯುವವರು ನೂಲನ್ನು ನೋಡಿ ತೆಗೆದುಕೊಳ್ಳುವುದಕ್ಕಿಂತ ನೂತವಳನ್ನು ನೋಡಿ ತೆಗೆದುಕೊಳ್ಳುತ್ತಾರೆ. ಅಜ್ಜಿಯ ಲಡಿಯನ್ನು, ಅಂದರೆ ನೂಲಿನ ಸುರುಳಿಯನ್ನು, ಯಾರೂ ಬಿಚ್ಚಿ ನೋಡಿದ್ದಿಲ್ಲ. ಇದನ್ನು ನನಗೆ ಅವಳೇ ಹೇಳಿದ್ದಳು, ಜಂಬದಿಂದಲ್ಲ, ಹೊಲ ಎಲ್ಲಿದೆ ಎಂದು ಹೇಳುವ ಹಾಗೆ.

ಮೊದಲ ಎರಡು ತಿಂಗಳು ಬಹಳ ಚೆನ್ನಾಗಿದ್ದವು. ನಮ್ಮ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಕಂಬಳಿಗೆ ನೂಲುವ ಹಾಗೆ ಬಿಗಿಯಾಗಿ ನೂತರೆ ಸ್ವೆಟರು ಗೋಣಿಚೀಲವಾಗುತ್ತದೆ. ಅಜ್ಜಿ ನಾಲ್ಕು ಸಲ ನೂತು, ನಾಲ್ಕು ಸಲ ನಾನು ಹೆಣೆದು ನೋಡಿ, ಕೊನೆಗೆ ಸಡಿಲವಾಗಿ ನೂತ ಎರಡೆಳೆಯನ್ನು ಹುರಿ ಹಾಕಿದ ನೂಲು ಗೊತ್ತುಮಾಡಿದೆವು. ಅದನ್ನು ಹೆಣೆಯುತ್ತ ಕೂತರೆ ಉಣ್ಣೆಯ ಜಿಡ್ಡಿಗೆ ಬೆರಳು ಮೆತ್ತಗಾಗುತ್ತಿದ್ದವು. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಹನ್ನೆರಡು ಜೊತೆ ಕಡ್ಡಿಗಳ ಟಿಕಟಿಕ ಸದ್ದು, ನಡುವೆ ಮಾತು. ಯಾರದೋ ನಾದಿನಿಯ ಸುದ್ದಿ, ಯಾರದೋ ಎಮ್ಮೆಯ ಸುದ್ದಿ. ಕೈ ಬೇರೆ ಕಡೆ ನಡೆಯುತ್ತಿರುವಾಗ ಬಾಯಿಗೆ ಎಂಥಾ ಸ್ವಾತಂತ್ರ್ಯ! ಅಂಗನವಾಡಿಯಲ್ಲಿ ಅಡಿಗೆ ಮಾಡುವ ಒಬ್ಬಳಿದ್ದಳು, ಬಲು ಚುರುಕು. "ಅಕ್ಕೋರ, ಮನ್ಯಾಗ ರೊಟ್ಟಿ ಬಡೀವಾಗ ಗಂಡ ಏನ್ ಅಂದ್ರೂ ಸಿಟ್ಟು ಬರತೈತ್ರಿ. ಇದನ್ನ ಹೆಣಿಯಾಗ ಏನ್ ಅಂದ್ರೂ ಹೂಂ ಅಂತೀನ್ರಿ" ಎಂದು ಎಲ್ಲರನ್ನೂ ನಗಿಸಿದ್ದಳು. ನನ್ನ ಮೂವತ್ತು ವರ್ಷದ ಹೆಣಿಗೆಯಲ್ಲಿ ನಾನು ಅಷ್ಟು ಸಂತೋಷವಾಗಿ ಎಂದೂ ಕೂತಿರಲಿಲ್ಲ.

ಅವರಿಗೆ ನಾನು ಕಟ್ಟುನಿಟ್ಟಾಗಿ ಕಲಿಸಿದ್ದು ನೂಲು ಕೂಡಿಸುವುದನ್ನು. ಒಂದು ಉಂಡೆ ಮುಗಿದು ಇನ್ನೊಂದು ಸೇರಿಸುವಾಗ ಗಂಟು ಹಾಕಬಾರದು. ಎರಡೂ ತುದಿಗಳನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಉಗುಳು ಹಚ್ಚಿ ಅಂಗೈಯಲ್ಲಿ ಹೊಸೆದರೆ ಉಣ್ಣೆ ತಾನೇ ಕಚ್ಚಿಕೊಂಡು ಒಂದೇ ಎಳೆಯಾಗುತ್ತದೆ. ನಿಜ ಹೇಳಬೇಕೆಂದರೆ ಇದನ್ನು ನನಗೆ ಕಲಿಸಿದವಳು ಅಜ್ಜಿ. ನಾನು ಅಲ್ಲಿಯವರೆಗೆ ಹೆಣೆದದ್ದೆಲ್ಲ ಅಂಗಡಿಯ ಗಿರಣಿ ನೂಲು, ಉಣ್ಣೆಯಲ್ಲದ ಕೃತಕ ಎಳೆ, ಅದಕ್ಕೆ ಗಂಟೇ ಗತಿ. ಎರಡು ದಿನದಲ್ಲಿ ಕಲಿತು, ಹುಟ್ಟಿದಾಗಿನಿಂದ ಬಲ್ಲವಳ ಹಾಗೆ ಕ್ಲಾಸಿನಲ್ಲಿ ಹೇಳಿಕೊಟ್ಟೆ. "ಗಂಟು ಹಾಕಿದವರು ನನ್ನ ಕ್ಲಾಸಿಗೆ ಬರಬ್ಯಾಡ್ರಿ" ಎಂದೂ ಅಂದೆ.

ಹಬ್ಬಕ್ಕೆ ಎರಡು ವಾರ ಇದ್ದಾಗ ಹತ್ತು ಸ್ವೆಟರು ಮುಗಿದಿದ್ದವು. ಎರಡು ಕಂಕುಳವರೆಗೆ ಬಂದು ನಿಂತಿದ್ದವು. ಅಜ್ಜಿ ಒಂದು ಚೀಲ ಕರಿ ಉಣ್ಣೆಯನ್ನು ಆರಿಸಿ ತೆಗೆದು, ತೊಳೆದು ತರಲು ನನ್ನ ಕೈಗೆ ಕೊಟ್ಟಳು. ಅವಳ ಕಾಲಿಗೆ ನೀರಿನಲ್ಲಿ ನಿಂತರೆ ಆಗುತ್ತಿರಲಿಲ್ಲ. "ತಣ್ಣೀರಾಗ ಒಂದ್ ರಾತ್ರಿ ನೆನಿ ಹಾಕ್ರಿ. ಅಂಟವಾಳಕಾಯಿ ನೀರಾಗ ಅದ್ದಿ ಕೈಲೇ ಒತ್ರಿ. ತಿಕ್ಕಬ್ಯಾಡ್ರಿ ಮತ್ತ. ಬಿಸಿನೀರು ಹತ್ರ ತರಬ್ಯಾಡ್ರಿ" ಎಂದಳು. "ಆತ್ರಿ, ಗೊತ್ತೈತ್ರಿ" ಎಂದೆ.

ತಂಗಿಯ ಮನೆಗೆ ತಂದೆ. ಉಣ್ಣೆಯಲ್ಲಿ ಕುರಿಯ ವಾಸನೆ, ಮಣ್ಣು, ಉತ್ತರಾಣಿ ಮುಳ್ಳು. ಅಜ್ಜಿ ಹೇಳಿದ ಹಾಗೆ ಮಾಡಿದರೆ ತೊಳೆದು ಒಣಗಿಸಲು ನಾಲ್ಕು ದಿನ. ನನಗೆ ಅವಸರ. ಹಂಡೆಯಲ್ಲಿ ನೀರು ಕಾಯಿಸಿದೆ, ಬಟ್ಟೆ ಪುಡಿ ಹಾಕಿದೆ, ಕೊಳೆಯಾದ ಚಾದರವನ್ನು ತಿಕ್ಕುವ ಹಾಗೆ ಕಲ್ಲಿನ ಮೇಲೆ ಹಾಕಿ ತಿಕ್ಕಿದೆ. ಮಣ್ಣು ಹೋಯಿತು, ನಾನು ಖುಷಿಪಟ್ಟೆ. ಹಿಂಡಲು ಎತ್ತಿದಾಗ ಉಣ್ಣೆ ಬಿಡಿಬಿಡಿಯಾಗಿ ಬರಲಿಲ್ಲ. ಒಟ್ಟಿಗೆ ಎದ್ದು ಬಂತು. ಬಿಸಿಲಿಗೆ ಹರವಿದೆ, ಬಾಚಣಿಗೆ ಹಾಕಿದೆ, ಹಲ್ಲಿನಿಂದ ಸಹ ಬಿಡಿಸಿ ನೋಡಿದೆ. ಎಳೆ ಎಳೆಗೆ ಕಚ್ಚಿಕೊಂಡು ದಪ್ಪ ಹಾಸಿನಂತೆ ಗಟ್ಟಿಯಾಗಿತ್ತು. ಹಿಂಜಲು ಬರುವುದಿಲ್ಲ, ನೂಲಲು ಬರುವುದಿಲ್ಲ. ಯಾ ಅಲ್ಲಾ, ಎಂದು ಕೂತುಬಿಟ್ಟೆ. ಉಗುಳು ಹಚ್ಚಿ ಹೊಸೆದರೆ ಉಣ್ಣೆ ಕಚ್ಚಿಕೊಳ್ಳುತ್ತದೆ ಎಂದು ಹನ್ನೆರಡು ಮಂದಿಗೆ ಪಾಠ ಹೇಳಿದವಳು ನಾನು. ಚೀಲಕ್ಕೆ ಚೀಲವನ್ನೇ ಹಾಗೆ ಮಾಡಿದ್ದೆ.

ಆಗಲೇ ಹೋಗಿ ಹೇಳಿದ್ದರೆ ಅಜ್ಜಿ ಬೈಯುತ್ತಿದ್ದಳು, ಬೇರೆ ಉಣ್ಣೆ ಕೊಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಹತ್ತು ಸ್ವೆಟರೇ ಸಾಕು ಎಂದು ಸಂಘದ ಕಾರ್ಯದರ್ಶಿಗೆ ಹೇಳಬಹುದಿತ್ತು. ಎರಡೂ ಮಾಡಲಿಲ್ಲ. ಗೊತ್ತೈತಿ ಅಂದ ಬಾಯಿಂದ ಗೊತ್ತಿರಲಿಲ್ಲ ಎನ್ನಲು ನಾಚಿಕೆಯಾಯಿತು. ಚೀಲವನ್ನು ತಂಗಿಯ ಮಂಚದ ಕೆಳಗೆ ನೂಕಿದೆ. ಮಾರನೆಯ ದಿನ ಅಜ್ಜಿ ಕೇಳಿದಾಗ "ಇನ್ನಾ ಹಸಿ ಐತ್ರಿ" ಎಂದೆ.

ಅಜ್ಜಿ ಆ ದಿನವೇ ಮೊಮ್ಮಗಳ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಹೊರ್ತಿಗೆ ಹೊರಟಿದ್ದಳು. ಹೋಗುವಾಗ ತನ್ನಲ್ಲಿ ಉಳಿದಿದ್ದ ಎರಡು ಉಂಡೆ ಒಂಟಿ ಎಳೆ ಕೊಟ್ಟಳು. "ಇದು ಹುರಿ ಹಾಕಿದ್ರ ಒಂದ್ ಸ್ವೆಟರಿನ ಹೆಗಲಿಗಷ್ಟ ಸಾಲತೈತ್ರಿ. ನಾ ಬಂದ್ ಮ್ಯಾಲ ಆ ಹಸಿ ಉಣ್ಣಿ ನೂತು ಕೊಡತೇನಿ" ಎಂದಳು. ಬಸ್ಸು ಹತ್ತಿಸಿ ಬಂದೆ. ಹೊಲಿಗೆಯವಳ ಬುದ್ಧಿ, ಬಟ್ಟೆ ಕಡಿಮೆಯಾದರೆ ಒಳಗೆ ತುಂಡು ಕೊಟ್ಟು ಮುಚ್ಚುವುದು ನಮಗೆ ಅಭ್ಯಾಸ. ಬಾಗೇವಾಡಿ ಬಜಾರಿನಲ್ಲಿ ತೆಳ್ಳನೆಯ ಕರಿ ಗಿರಣಿ ನೂಲು ಕೊಂಡೆ. ಕರಿಯಲ್ಲಿ ಕರಿ ಕಾಣುವುದಿಲ್ಲ. ಅಜ್ಜಿಯ ಒಂಟಿ ಎಳೆಗೆ ಅದನ್ನು ಜೊತೆ ಮಾಡಿ ಹುರಿ ಹಾಕಿದರೆ ಎರಡೆಳೆಯ ನೂಲು, ನೋಡಿದವರಿಗೆ ಅದೇ ದಪ್ಪ. ಮಧ್ಯಾಹ್ನದ ಹೊತ್ತು, ಸಮುದಾಯ ಭವನದಲ್ಲಿ ಯಾರೂ ಇಲ್ಲದಾಗ, ಅಲ್ಲೇ ಇಟ್ಟಿದ್ದ ಅಜ್ಜಿಯ ರಾಟಿಯ ಮೇಲೆಯೇ ಹುರಿ ಹಾಕಿದೆ.

ಎರಡು ಸ್ವೆಟರಿನ ಹೆಗಲು ನಾನೇ ಮುಗಿಸಿ ಕೊಡುತ್ತೇನೆ ಎಂದು ಹೆಣೆಯುತ್ತಿದ್ದವರ ಕೈಯಿಂದ ಇಸಿದುಕೊಂಡೆ. ಅದರಲ್ಲಿ ಒಂದು ಅಂಗನವಾಡಿಯವಳದು. "ಪಾಪ, ನಮ್ ಸಲುವಾಗಿ ಎಷ್ಟ್ ಕಷ್ಟಪಡತೀರಿ ಅಕ್ಕೋರ" ಎಂದಳು. ನೂಲು ಕೂಡಿಸಲು ಕೂತೆ. ತುದಿ ಬಿಡಿಸಿ, ಉಗುಳು ಹಚ್ಚಿ, ಹೊಸೆದೆ. ಎಳೆದರೆ ಬಿಚ್ಚಿಕೊಂಡಿತು. ಮೂರು ಸಲ ಮಾಡಿದೆ. ಗಿರಣಿಯ ಎಳೆ ಉಣ್ಣೆಯ ಜೊತೆ ಕೂಡಲು ಒಪ್ಪಲೇ ಇಲ್ಲ. ಗಂಟು ಹಾಕಿ ಒಳಮಗ್ಗುಲಿಗೆ ಸೇರಿಸಿದೆ.

ಐದನೆಯ ದಿನ ಅಜ್ಜಿ ಬಂದಳು. ಸ್ವೆಟರು ಮುಗಿದದ್ದು ನೋಡಿ ನಿಂತಳು. "ನೂಲು ಎಲ್ಲಿಂದ್ರಿ?"

"ನೀವು ಕೊಟ್ಟಿದ್ರಲ್ರಿ, ಅದನ್ನ ನಾನೇ ಹುರಿ ಹಾಕಿದೆ."

"ಸಾಲ್ತೇನ್ರಿ?"

"ಸಾಲ್ತರಿ."

"ಬೇಶಾತು" ಎಂದಳು. ಅವಳ ಕಣ್ಣು ನನ್ನ ಮುಖದ ಮೇಲಿತ್ತೋ ಸ್ವೆಟರಿನ ಮೇಲಿತ್ತೋ ನಾನು ನೋಡಲಿಲ್ಲ, ಚೀಟಿ ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ್ದೆ. ಹನ್ನೆರಡು ಚೀಟಿಯ ಮೇಲೂ ನೂತವರು ಎಂದು ಬರೆದು ಅಜ್ಜಿಯ ಹೆಸರು ಬರೆದೆ.

ಹಬ್ಬದ ಮೊದಲ ದಿನ ಹೊತ್ತು ಏರುವಷ್ಟರಲ್ಲಿ ಮನಗೂಳಿಯ ಹಾಲು ತುಂಬಿತ್ತು. ಒಂದು ಮೂಲೆಯಲ್ಲಿ ಕುರಿಯ ಉಣ್ಣೆ ಕತ್ತರಿಸಿ ತೋರಿಸುತ್ತಿದ್ದರು, ಇನ್ನೊಂದು ಕಡೆ ಬಿಲ್ಲು ಮೀಟಿ ಉಣ್ಣೆ ಹಿಂಜುತ್ತಿದ್ದರು. ನಮ್ಮ ಹೆಂಗಸರು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಟೇಬಲ್ಲಿನ ಹಿಂದೆ ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ಅಜ್ಜಿ ಕಂಬಳಿಗೆಂದು ನೂತ ಲಡಿಗಳು. ಹೊರ್ತಿಯಿಂದ ಬಂದ ಒಬ್ಬ ಮುದುಕ, ಕಂಬಳಿ ನೇಯುವವನು, ಗದ್ದಿಗೆ ಕಂಬಳಿಗೆಂದು ಎಂಟು ಲಡಿ ಆರಿಸಿ ಹೆಗಲ ಮೇಲೆ ಹಾಕಿಕೊಂಡು ಅಜ್ಜಿಯ ಜೊತೆ ಮಾತಾಡುತ್ತಿದ್ದ.

ಖರೀದಿದಾರ ಬಾಯಿ ಮರಾಠಿ ಬೆರೆಸಿದ ಕನ್ನಡ ಆಡುತ್ತಿದ್ದರು, ಒಳ್ಳೆಯ ಮನುಷ್ಯರು. ಪ್ರತಿ ಸ್ವೆಟರನ್ನೂ ತಿರುಗಿಸಿ ನೋಡಿ, ಹೆಣೆದವಳನ್ನು ಕರೆದು ಮಾತಾಡಿಸಿದರು. ಆಮೇಲೆ ಚೀಲದಿಂದ ಚಿಕ್ಕ ಕತ್ತರಿ ಮತ್ತು ಕಡ್ಡಿಪೆಟ್ಟಿಗೆ ತೆಗೆದರು. ಒಳಮಗ್ಗುಲಿನಲ್ಲಿ ಉಳಿದ ನೂಲಿನ ತುದಿಯನ್ನು ಒಂದು ಬೆರಳಷ್ಟು ಕತ್ತರಿಸಿ ಸುಟ್ಟು ನೋಡಿದರು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಉಳಿಯುವುದು ಬೂದಿ, ಮುಟ್ಟಿದರೆ ಪುಡಿ. ಮೂರು ಸ್ವೆಟರು ನೋಡಿದರು, ಸರಿ ಇತ್ತು. ನಾಲ್ಕನೆಯದಾಗಿ ಅಂಗನವಾಡಿಯವಳದನ್ನು ಎತ್ತಿಕೊಂಡರು. ಸುಟ್ಟ ತುದಿ ಅರ್ಧ ಬೂದಿಯಾಯಿತು. ಉಳಿದರ್ಧ ಕರಗಿ, ಗಟ್ಟಿ ಕರಿ ಮಣಿಯಾಗಿ ಉಗುರಿಗೆ ಅಂಟಿಕೊಂಡಿತು.

"ಹುರಿಯೊಳಗೇ ಬೆರಕಿ ಐತ್ರಿ. ನೂಲುವಾಗಲೇ ಸೇರಿಸ್ಯಾರ" ಎಂದರು. ಜೋರಾಗಿ ಏನೂ ಹೇಳಲಿಲ್ಲ. ಆದರೆ ಎಲ್ಲರ ಕಣ್ಣೂ ಚೀಟಿಯ ಕೆಳಸಾಲಿಗೆ ಹೋಯಿತು, ಅಲ್ಲಿಂದ ಅಜ್ಜಿಯ ಮುಖಕ್ಕೆ. ಕಾರ್ಯದರ್ಶಿಯವರು ಗಾಬರಿಯಾಗಿ "ಹಂಗಲ್ರಿ ಮೇಡಂ, ವಯಸ್ಸಾದವ್ರು, ಏನೋ ಕಣ್ತಪ್ಪಿ..." ಎಂದು ಶುರುಮಾಡಿದರು. ಅಜ್ಜಿಯನ್ನು ಉಳಿಸಲು ಹೋಗಿ ತಪ್ಪನ್ನು ಅವಳ ಮೇಲೆ ಗಟ್ಟಿ ಮಾಡುತ್ತಿದ್ದರು. ಹೊರ್ತಿಯ ಮುದುಕ ಹೆಗಲ ಮೇಲಿನ ಎಂಟು ಲಡಿಗಳನ್ನು ಒಂದೊಂದಾಗಿ ತೆಗೆದು ಟೇಬಲ್ಲಿನ ಮೇಲೆ ಇಟ್ಟ.

ನಾನು ಅವಳಿಂದ ಎರಡು ಮಾರು ದೂರ ನಿಂತಿದ್ದೆ. ಹೇಳು ಹೇಳು ಎಂದು ಒಳಗೆ ಬಡಿಯುತ್ತಿತ್ತು. ಎದುರಿಗೆ ಕ್ಲಾಸಿನ ಹನ್ನೆರಡು ಮುಖ, ಕಾರ್ಯದರ್ಶಿ. ತಂಗಿಯ ಗಂಡ ಸಹ ನೋಡಲು ಬಂದಿದ್ದ. ಬಾಯಿ ಬಿಟ್ಟರೆ ವರ್ಷದ ಕೆಲಸ ಎಲ್ಲರಿಗೂ ಹೋಗುತ್ತದೆ ಎಂದು ಒಂದು ನೆವ ಹುಡುಕಿಕೊಂಡೆ.

ಅಜ್ಜಿ ಅಳಲಿಲ್ಲ, ಕೂಗಾಡಲಿಲ್ಲ. "ಕೊಡ್ರಿ ಇಲ್ಲಿ" ಎಂದು ಸ್ವೆಟರು ಇಸಿದುಕೊಂಡು ನೆಲದ ಮೇಲೆ ಕೂತಳು. ಹೆಗಲಿನ ಹೊಲಿಗೆ ಬಿಡಿಸಿ, ಮುಂಭಾಗದ ಕೊನೆಯ ಎಳೆ ಹುಡುಕಿ ಎಳೆದಳು. "ನನ್ನ ನೂಲು ಉಗುಳಿಗೆ ಕೂಡತೈತ್ರಿ. ಇದು ಕೂಡಂಗಿಲ್ಲ. ನನ್ನ ನೂಲು ಮುಗಿದು ಇದು ಶುರು ಆದಲ್ಲೆ ಗಂಟು ಇರಬೇಕು. ಗಂಟು ಇತ್ತಂದ್ರ, ಕೂಡಿಸಿದವ್ರಿಗೆ ಇದು ಉಣ್ಣಿ ಅಲ್ಲ ಅಂತ ಗೊತ್ತಿತ್ತು. ನೋಡೂನು ತಡೀರಿ" ಎಂದಳು.

ಸ್ವೆಟರು ಸಾಲು ಸಾಲಾಗಿ ಬಿಚ್ಚಿಕೊಳ್ಳತೊಡಗಿತು. ಬಿಚ್ಚಿದ ನೂಲನ್ನು ಎಡಗೈಗೆ ಸುತ್ತಿಕೊಳ್ಳುತ್ತಿದ್ದಳು. ಗಂಟು ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಕಂಕುಳಿಗೆ ಎರಡು ಸಾಲು ಮೇಲೆ. ನಾನು ಎಣಿಸುತ್ತಿದ್ದೆ. ಹದಿನೈದು ಸಾಲು ಉಳಿದಿದೆ. ಹತ್ತು. ಅಂಗನವಾಡಿಯವಳು ಒಮ್ಮೆ ನನ್ನ ಕಡೆ ನೋಡಿದಳು, ಹೆಗಲು ಹೆಣೆದದ್ದು ಯಾರೆಂದು ಅವಳಿಗೆ ಗೊತ್ತಲ್ಲ. ಆರು. ಅಜ್ಜಿಯ ಕೈ ನಿಧಾನವಾಯಿತು. ಮೂರು ಸಾಲು ಉಳಿದಾಗ ನಿಂತೇಬಿಟ್ಟಿತು. ದಣಿದಳೇನೋ ಎಂದುಕೊಂಡೆ. ಅಷ್ಟೂ ಮಂದಿ ಕಾಯುತ್ತಿದ್ದರು. ಎಷ್ಟು ಹೊತ್ತು ಹೋಯಿತೋ, ಕೊನೆಗೆ ನನ್ನ ದನಿ ನನಗೇ ಕೇಳಿಸಿತು.

"ಬಿಚ್ಚಬ್ಯಾಡ್ರಿ ಅಜ್ಜಿ. ಅದು ನಾ ಮಾಡಿದ್ದು."

ಆಮೇಲೆ ಎಲ್ಲವನ್ನೂ ಹೇಳಿದೆ, ಹಂಡೆಯ ಬಿಸಿನೀರಿನಿಂದ ಹಿಡಿದು. ಯಾವ ಎರಡು ಸ್ವೆಟರು ಎಂದು ಎತ್ತಿ ತೋರಿಸಿದೆ. ಖರೀದಿದಾರ ಬಾಯಿ ಉಳಿದವೆಲ್ಲವನ್ನೂ ಸುಟ್ಟು ನೋಡಿ, ಹತ್ತನ್ನು ತೆಗೆದುಕೊಂಡರು. ಕೆಲಸ ಕೊಡಲು ಒಪ್ಪಿದರು, ಆದರೆ ನೂಲಿನ ಜವಾಬ್ದಾರಿ ನನಗಲ್ಲ, ಅಜ್ಜಿಗೆ. ಸಂಜೆ ಕಾರ್ಯದರ್ಶಿಯವರು ಮೈಕು ಹಿಡಿದು, ತಪ್ಪು ಎಲ್ಲರೂ ಮಾಡುತ್ತಾರೆ, ಯಾರೂ ಕೇಳದೆ ಮುಂದೆ ಬಂದು ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು ಎಂದರು. ಚಪ್ಪಾಳೆ ಬಿತ್ತು. ನಮ್ಮ ಹೆಂಗಸರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಕೈಮುಗಿದು ಕೂತೆ. ಮೂರು ಸಾಲು ಉಳಿದಿತ್ತು, ಸಿಕ್ಕಿಬೀಳುತ್ತೇನೆಂದು ಹೇಳಿದೆ, ಎನ್ನಲಿಲ್ಲ.

ಹೊರ್ತಿಯ ಮುದುಕ ಎಂಟೂ ಲಡಿಯನ್ನು ಮತ್ತೆ ಕೈಗೆತ್ತಿಕೊಂಡ. ಹೋಗುವ ಮುಂಚೆ ಖರೀದಿದಾರರ ಕಡ್ಡಿಪೆಟ್ಟಿಗೆ ಕೇಳಿ ಇಸಿದುಕೊಂಡು, ಒಂದೊಂದು ಲಡಿಯಿಂದ ಒಂದೊಂದು ಎಳೆ ಕಿತ್ತು ಸುಟ್ಟು, ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಸಿಟ್ಟಾಗಬ್ಯಾಡ ತಂಗಿ, ದೇವ್ರ ಕೆಲಸ" ಎಂದ. "ನೋಡಣ್ಣ, ನೋಡು" ಎಂದಳು ಅಜ್ಜಿ. ಎಂಟು ಸಲ ಕಡ್ಡಿ ಗೀರುವವರೆಗೂ ಅವಳು ಅಲ್ಲೇ ನಿಂತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ, ಹೊರಗೆ ಹೋದೆ.

ಒಂದು ವಾರ ಬಿಟ್ಟು ಮಂಚದ ಕೆಳಗಿನ ಚೀಲ ಹೊತ್ತು ಅವಳ ಮನೆಗೆ ಹೋದೆ. ಕುರಿ ಹೊಲಕ್ಕೆ ಹೋಗಿದ್ದವು, ಅಂಗಳದಲ್ಲಿ ಅವಳೊಬ್ಬಳೇ ನೂಲುತ್ತಿದ್ದಳು. ಗಡ್ಡೆಗಟ್ಟಿದ ಉಣ್ಣೆಯನ್ನು ಮುಟ್ಟಿ ನೋಡಿ "ಎತ್ತಿನ ಬೆನ್ನಿಗೆ ಹಾಕಾಕ ಆಗತೈತಿ" ಎಂದು ಗೋಡೆಗೆ ಆನಿಸಿಟ್ಟಳು. ತಪ್ಪಾಯಿತು ಎಂದೆ. ಎಷ್ಟೋ ದಿನದಿಂದ ಹೊಂದಿಸಿಕೊಂಡು ಬಂದಿದ್ದ ಮಾತು, ಅಷ್ಟೇ ಹೊರಬಿತ್ತು. ಅವಳು ಮತ್ತೆ ರಾಟಿಗೆ ಕೂತಳು.

"ಗಂಟು ಅವತ್ತ ಬಿಚ್ಚೂ ಮೊದ್ಲ, ಒಳಮಗ್ಗುಲಾಗ ನನ್ನ ಬೆರಳಿಗೆ ಸಿಕ್ಕಿತ್ತು" ಎಂದಳು. "ಅದಕ್ಕ ಕೈ ನಿಲ್ಲಿಸಿದೆ. ನೀನಾಗೇ ಹೇಳ್ತಿ ಅಂತ ಕಾದೆ. ಬಾಳ ಹೊತ್ತು ಹಚ್ಚಿದಿ."

ಮೂರು ತಿಂಗಳಿಂದ ನೀವು, ಅಕ್ಕೋರು ಎನ್ನುತ್ತಿದ್ದವಳು ಮೊದಲ ಸಲ ನೀ ಎಂದಿದ್ದಳು. ಸಿಟ್ಟಿಗೋ, ಸಲಿಗೆಗೋ ಕೇಳುವ ಧೈರ್ಯ ಬರಲಿಲ್ಲ. ನನ್ನ ಕಣ್ಣೀರು ಸುರಿಯುತ್ತಿತ್ತು, ಅವಳು ಸಮಾಧಾನ ಮಾಡಲಿಲ್ಲ. ಹೊರಡುವಾಗ ನಾಚಿಕೆ ಬಿಟ್ಟು ಕೇಳಿದೆ, ನನಗೆ ಒಂದು ಉಂಡೆ ನೂಲು ಕೊಡುತ್ತೀರಾ, ಒಂದು ಸ್ವೆಟರು ಸರಿಯಾಗಿ ಹೆಣೆಯಬೇಕು ಎಂದು.

"ಹೆಣಿ. ಇಲ್ಲೇ ಕುಂತು ಹೆಣಿ. ಮನಿಗೆ ಕೊಡಂಗಿಲ್ಲ."

ಈಗ ನನಗೆ ಅಲ್ಲಿ ಕ್ಲಾಸಿಲ್ಲ. ಆದರೂ ಗುರುವಾರ ಗುರುವಾರ ಸಿಂದಗಿಯಿಂದ ಬಸ್ಸು ಹಿಡಿದು ಹೋಗುತ್ತೇನೆ. ಅವಳು ನೂಲುತ್ತಾಳೆ, ನಾನು ಹೆಣೆಯುತ್ತೇನೆ. ಕುರಿಯ ಮಾತು, ಮಕ್ಕಳ ಮಾತು ಆಡುತ್ತೇವೆ, ಕೆಲವು ಸಲ ನಗುತ್ತೇವೆ ಸಹ. ನಾಲ್ಕು ಗಂಟೆಯ ಬಸ್ಸಿಗೆ ಎದ್ದಾಗ ಅವಳು ರಾಟಿ ನಿಲ್ಲಿಸಿ ಕೈ ಚಾಚುತ್ತಾಳೆ. ಉಳಿದ ಉಂಡೆಯನ್ನು ಆ ಕೈಯಲ್ಲಿಟ್ಟು ಹೊರಡುತ್ತೇನೆ.